ಕಣಜದಲ್ಲಿಟ್ಟ ಒಪ್ಪಿಗೆ

ಗವಿಯೂರಿನಲ್ಲಿ ಸರಕಾರ ನಡೆಯುತ್ತಿದ್ದದ್ದು ಜನರ ಕಾಲಿನ ಬಲದಿಂದ. ಬಾಯಿಮಾತಿಗೆ ಹಾಗೆ ಅನ್ನುವುದಲ್ಲ, ನಿಜವಾಗಿಯೂ ಹಾಗೇ ಇತ್ತು. ಚಾವಡಿಯ ದೀಪ ಹತ್ತಬೇಕಾದರೆ, ಹುಕುಂ ಅಚ್ಚಾಗಬೇಕಾದರೆ, ಚಾವಡಿಯ ಬಂಡಿ ತಲೆಮೇಲಿನ ತಂತಿ ಹಿಡಿದು ಓಣಿಯಲ್ಲಿ ಉರುಳಬೇಕಾದರೆ ಜನ ತುಳಿಮನೆಗೆ ಬಂದು ಕಾಲುಹಲಗೆ ತುಳಿಯಬೇಕು. ತುಳಿದಷ್ಟು ಕರೆಂಟು, ಕರೆಂಟು ಇದ್ದಷ್ಟು ಸರಕಾರ.

ಊರು ಇದ್ದದ್ದು ಚಂದ್ರನ ಮೇಲೆ. ಒಂದಾನೊಂದು ಕಾಲದಲ್ಲಿ ಲಾವಾ ಹರಿದುಹೋಗಿ ಟೊಳ್ಳಾಗಿ ಉಳಿದ ಒಂದು ಉದ್ದನೆಯ ಗವಿಯೊಳಗೆ ನಾನೂರು ಜನ. ಇವರ ಅಜ್ಜ ಮುತ್ತಜ್ಜಂದಿರು ಗದಗ-ಬೆಟಗೇರಿಯ ಕಡೆಯ ನೇಕಾರರು. ಚಂದ್ರನ ಕರಿಗಲ್ಲನ್ನು ಕರಗಿಸಿ ಎಳೆ ತೆಗೆದು, ಆ ಎಳೆಯಿಂದ ಗಾಳಿ ಸೋರದ ಬಟ್ಟೆ ನೇಯಲು ಅವರನ್ನು ಇಲ್ಲಿಗೆ ಕರೆತಂದಿದ್ದರು. ಮೊದಲು ಅವರು ಇದ್ದದ್ದು ಯಾವುದೋ ಕಂಪನಿಯ ಬಿಡಾರದಲ್ಲಿ. ಅಲ್ಲಿ ಒಮ್ಮೆ ಏನೋ ವ್ಯಾಜ್ಯವಾಗಿ ಮಗ್ಗ ನಿಲ್ಲಿಸಿದಾಗ, ಅಧಿಕಾರಿಯೊಬ್ಬ ಅವರ ಸಾಲಿನ ಗಾಳಿಯನ್ನು ಅರ್ಧ ದಿನ ಕಡಿಮೆ ಮಾಡಿದ. ಯಾರೂ ಸಾಯಲಿಲ್ಲ. ಆದರೆ ಅರ್ಧ ದಿನ ಉಸಿರು ಹಿಡಿದು ಕೂತವರು ಅದನ್ನು ಮೂರು ತಲೆಮಾರು ಮರೆಯಲಿಲ್ಲ. ಗಾಳಿ ಯಾರ ಕೈಯಲ್ಲೋ ನಾಲಿಗೆಯೂ ಅವರ ಕೈಯಲ್ಲೇ ಎಂದು ತಿಳಿದುಕೊಂಡರು.

ಅದಕ್ಕೇ ತಮ್ಮದೇ ಊರು ಕಟ್ಟಿದಾಗ ದೈವ ಕೂಡಿತು. ಊರವರೆಲ್ಲ ಸೇರಿದ ಸಭೆಗೆ ಅವರಲ್ಲಿ ದೈವ ಎನ್ನುತ್ತಾರೆ. ದೈವ ಕೂಡಿ ಒಂದು ಒಡಂಬಡಿಕೆ ಮಾಡಿ, ಕಾಗದ ಹರಿದೀತೆಂದು ಅದನ್ನು ಬಟ್ಟೆಯಲ್ಲೇ ನೇಯ್ದು ತುಳಿಮನೆಯ ಗೋಡೆಗೆ ತೂಗುಹಾಕಿತು. ಗಾಳಿ, ನೀರು, ಬೆಳಕು ಸೂರ್ಯನಿಂದ ಬರಲಿ, ಅವುಗಳ ಗುಂಡಿ ಯಾರ ಕೈಯಲ್ಲೂ ಬೇಡ. ಚಾವಡಿಗೆ ಮಾತ್ರ ಸೂರ್ಯನ ತಂತಿ ಎಳೆಯಬಾರದು, ಅದು ಜನರ ಕಾಲಿನ ಮೇಲೆಯೇ ನಡೆಯಬೇಕು. ಯಾರು ತುಳಿದರು, ಯಾರು ತುಳಿಯಲಿಲ್ಲ ಎಂದು ಯಾರೂ ಕೇಳಬಾರದು. ತುಳಿಮನೆಯ ಗಾಲಿ ಕಾಯುವವರನ್ನು ಚಾವಡಿ ಕೆಲಸದಿಂದ ತೆಗೆಯುವಂತಿಲ್ಲ, ಗಾಲಿ ಕಾಯುವವರು ಚಾವಡಿ ಆಳುವಂತಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚು ನೇಯಲು ಆ ದಿನ ನೂಲು ಇರಲಿಲ್ಲ ಎಂದು ಹಿರಿಯರು ನಗುತ್ತ ಹೇಳುತ್ತಿದ್ದರು.

ಈಗ ಆ ಗಾಲಿ ಕಾಯುತ್ತಿದ್ದವಳು ನೀಲಗಂಗಾ. ವಯಸ್ಸು ಇಪ್ಪತ್ತೆರಡು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ದಡ್ಡಿಯೇನಲ್ಲ. ಮಾಸ್ತರರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಹೊಟ್ಟೆಯಲ್ಲಿ ಇರುತ್ತಿತ್ತು, ಗಂಟಲಿನವರೆಗೂ ಬರುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಕೂತಳು. ಮರುದಿನ ಹೋಗಲಿಲ್ಲ. ತುಳಿಮನೆಯ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಊರಿನ ಕುಣಿಮಗ್ಗಕ್ಕೆ ಇದ್ದ ಹಾಗೆ ಅಲ್ಲೂ ನೆಲದಲ್ಲಿ ತೋಡಿದ ಕುಣಿ, ಅದರ ಮೇಲೆ ಅರವತ್ತು ಕಾಲುಹಲಗೆ. ಕುಣಿಯೊಳಗೆ ಗಾಲಿ, ಪಟ್ಟಿ, ಡೈನಮೊ, ಎಣ್ಣೆಡಬ್ಬಿ ಮತ್ತು ನೀಲಗಂಗಾ. ಅಲ್ಲಿಂದ ಜನರ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ.

ಆ ಕಾಲುಗಳಲ್ಲಿ ಅವಳು ಊರನ್ನೇ ಓದುತ್ತಿದ್ದಳು. ಗಂಡನೊಡನೆ ಜಗಳಾಡಿ ಬಂದವಳ ಹಿಮ್ಮಡಿ ಬೇರೆ, ಸಾರು ರುಚಿಯಾದ ದಿನದ ಹಿಮ್ಮಡಿ ಬೇರೆ. ಚಂದ್ರನ ಮೇಲೆ ಮೈತೂಕ ಆರರಲ್ಲೊಂದು ಪಾಲು. ಜೋರಾಗಿ ತುಳಿದರೆ ಮನುಷ್ಯ ಮೇಲಕ್ಕೇಳುತ್ತಾನೆ. ಅದಕ್ಕೆ ಹೆಗಲಿಗೊಂದು ಪಟ್ಟಿ ಬಿಗಿದುಕೊಂಡು ಕೂರಬೇಕು. ವಾರಕ್ಕೊಮ್ಮೆ ಎಲ್ಲರೂ ಸರದಿಯ ಮೇಲೆ ಬಂದು ಕೂರುತ್ತಿದ್ದರು. ಹಲಗೆಯ ಮೇಲೆ ಎಲ್ಲರ ಕಾಲೂ ಇರುತ್ತಿದ್ದವು. ಒತ್ತಿ ತುಳಿದವರ್ಯಾರು, ಪಕ್ಕದವರ ಹಲಗೆಯ ಜೊತೆ ಸುಮ್ಮನೆ ಕಾಲು ಆಡಿಸಿದವರ್ಯಾರು ಎಂಬುದು ಕೆಳಗೆ ಕೂತವಳಿಗೆ ಮಾತ್ರ ಗೊತ್ತು. ಅವಳು ಅದನ್ನು ಯಾರಿಗೂ ಹೇಳಿದವಳಲ್ಲ. ಮಾತು ಬಾರದವಳು ಎಂದು ಅವಳನ್ನು ಬೈದವರೇ, ಮಾತಾಡದವಳು ಎಂದು ಆ ಕೆಲಸಕ್ಕೆ ಅವಳನ್ನೇ ಆರಿಸಿದ್ದರು.

ಚಾವಡಿ ಯಜಮಾನ ರೇವಣಸಿದ್ಧಪ್ಪ ಪ್ರತಿ ಸೋಮವಾರ ತುಳಿಮನೆಗೆ ಬಂದು, ನಡುವೆ ನಿಂತು, ಈ ವಾರ ಏನು ಮಾಡಬೇಕೆಂದಿದ್ದೇನೆ ಎಂದು ಹೇಳುವುದು ರೂಢಿ. ಹೇಳದಿದ್ದರೆ ತುಳಿಯುವವರ್ಯಾರು? ಒಮ್ಮೆ ಅವರು, ಮಿರ್ಚಿ ಭಜಿ ಕರಿಯುವುದರಿಂದ ಗಾಳಿಯ ಜಾಲರಿ ಜಿಡ್ಡಾಗುತ್ತಿದೆ, ಇನ್ನು ಮೇಲೆ ಊರಲ್ಲಿ ಕರಿಯುವಂತಿಲ್ಲ ಎಂದರು. ಯಾರೂ ಎದುರು ಮಾತಾಡಲಿಲ್ಲ. ಎಲ್ಲರೂ ಪಟ್ಟಿ ಬಿಗಿದುಕೊಂಡು ಕೂತರು. ಚಾವಡಿಯ ದೀಪ ಮಿಣುಕುಹುಳದಂತಾಯಿತು. ಮುಂದಿನ ಸೋಮವಾರ ಯಜಮಾನರು ಬಂದು, "ವಾರಕ್ಕ ಎರಡು ದಿನ ಕರೀರಿ, ಜಾಲರಿ ನಾವಽ ತೊಳಸ್ತೀವಿ" ಎಂದರು. ಭಜಿ ಅಂಗಡಿಯ ಸಾವಂತ್ರವ್ವ ಕೂತಲ್ಲಿಂದಲೇ, "ಈಗ ನೋಡ್ರಿ ಯಜಮಾನ್ರ, ಕಾಲಿಗೆ ಜೀವ ಬಂತು" ಎಂದಳು. ಆ ದಿನ ಚಾವಡಿಯ ದೀಪ ಎಷ್ಟು ಬೆಳಗಿತೆಂದರೆ ಯಜಮಾನರು ಅದಕ್ಕೊಂದು ಬಟ್ಟೆ ಕಟ್ಟಬೇಕಾಯಿತು.

ಹೀಗಿದ್ದ ಊರಿಗೆ ಕಣಜ ಬಂತು.

ಅದನ್ನು ಮಾಡಿದವನು ಚಾವಡಿಯ ಯಂತ್ರದ ಕೋಣೆಯ ದಾವಲಸಾಬ ನದಾಫ. ಹತ್ತು ವರ್ಷ ಇಟ್ಟರೂ ಸೋರದ ಬ್ಯಾಟರಿ. ಬೀರುವಿನಷ್ಟು ದೊಡ್ಡದು. ಹೊಟ್ಟೆಯ ಮೇಲೆ ಗಾಜಿನ ನಳಿಗೆಯಲ್ಲಿ ಒಂದು ನೀಲಿ ಗೆರೆ, ತುಂಬಿದಂತೆ ಮೇಲೇರುತ್ತಿತ್ತು. ಇದನ್ನು ಒಮ್ಮೆ ತುಂಬಿಸಿಟ್ಟರೆ ಆರು ತಿಂಗಳು ಯಾರೂ ತುಳಿಯಬೇಕಿಲ್ಲ ಎಂದ ದಾವಲಸಾಬ. ಜನಕ್ಕೆ ಅದು ಹೊಸದೆನಿಸಲಿಲ್ಲ. ಮುಯ್ಯಿ ಅವರ ರಕ್ತದಲ್ಲೇ ಇತ್ತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು ಭೂಮಿಯ ಮೇಲೆ ಹಿರಿಯರು ಮಾಡುತ್ತಿದ್ದ ಮುಯ್ಯಿಯಾಳಿನ ಪದ್ಧತಿಯನ್ನು ಇವರು ಇಲ್ಲಿಯೂ ಬಿಟ್ಟಿರಲಿಲ್ಲ. ಮೊಣಕಾಲು ನೋವಿನ ಮುದುಕರ ಪಾಲನ್ನು ಎಷ್ಟೋ ವರ್ಷದಿಂದ ಬೇರೆಯವರು ತುಳಿದು ಕೊಡುತ್ತಿದ್ದರು. ಒಡಂಬಡಿಕೆಯಲ್ಲಿ ಹಾಗೆ ಬರೆದಿರಲಿಲ್ಲ. ಕರುಣೆಯಿಂದ ಮಾಡಿದ್ದಾದ್ದರಿಂದ ಯಾರೂ ಬೇಡ ಅನ್ನಲಿಲ್ಲ. ಈಗ ಕಣಜವೇ ಎಲ್ಲರಿಗೂ ಮುಯ್ಯಿ ತುಳಿಯುತ್ತದೆ ಎಂದಾಗ ಊರು ಹಬ್ಬದಂತೆ ಎದ್ದಿತು. ಮೂರು ತಿಂಗಳು ಎಲ್ಲರೂ ಮೂರು ಪಟ್ಟು ತುಳಿದರು. ಮುಯ್ಯಿ ತೀರಿಸದಿದ್ದರೆ ಮಾನ ಹೋಗುತ್ತದೆಂದು ಮುದುಕರೂ ಕೋಲೂರಿ ಬಂದು ತುಳಿದರು.

ಆಮೇಲೆ ತುಳಿಮನೆಯ ಬಾಗಿಲು ಹಾಕಿತು. ಸೋಮವಾರ ಯಾರೂ ಬರಲಿಲ್ಲ. ಜನ ಇಲ್ಲದ ಮೇಲೆ ಯಜಮಾನರಾದರೂ ಯಾರಿಗೆ ಹೇಳಲು ಬರಬೇಕು? ಅವರೂ ಬರಲಿಲ್ಲ. ನೀಲಗಂಗಾ ದಿನಾ ಹೋಗಿ, ತಿರುಗದ ಗಾಲಿಗಳಿಗೆ ಎಣ್ಣೆ ಹಾಕಿ ಬರುತ್ತಿದ್ದಳು.

ಅವಳ ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ಆಯಿ, ಅಂದರೆ ಅಜ್ಜಿ, ಫಕ್ಕೀರವ್ವ. ಗವಿಯ ಬಾಯಿಯ ಹತ್ತಿರದ ಮೊದಲನೆಯ ಕೋಣೆ. ಅದಕ್ಕೊಂದು ಕಿಟಕಿ. ಒಂದು ಮೊಳ ಅಗಲ, ಒಂದು ಗೇಣು ದಪ್ಪದ ಗಾಜು. ಇಡೀ ಊರಿನಲ್ಲಿ ಭೂಮಿ ಕಾಣುತ್ತಿದ್ದದ್ದು ಅದೊಂದರಲ್ಲೇ. ಊರು ಕಟ್ಟಿದಾಗ ಚೀಟಿ ಎತ್ತಿ ಹಂಚಿದ ಕೋಣೆಗಳಲ್ಲಿ ಅದು ಫಕ್ಕೀರವ್ವನ ಅಪ್ಪನಿಗೆ ಬಂದಿತ್ತು. ಚಂದ್ರನ ಆಕಾಶದಲ್ಲಿ ಭೂಮಿ ಹುಟ್ಟುವುದಿಲ್ಲ, ಮುಳುಗುವುದಿಲ್ಲ. ಗೋಡೆಗೆ ಹೊಡೆದ ಪಟದಂತೆ ಒಂದೇ ಕಡೆ ನಿಂತು, ಅಲ್ಲೇ ಹಿಗ್ಗುತ್ತದೆ, ಅಲ್ಲೇ ಕುಗ್ಗುತ್ತದೆ. ಮೊಣಕಾಲು ಹಿಡಿದುಕೊಂಡ ಮೇಲೆ ಫಕ್ಕೀರವ್ವನ ಲೋಕವೆಲ್ಲ ಅದೇ ಕಿಟಕಿ.

"ನೀಲವ್ವಾ, ಅರಬ್ಬೀ ಸಮುದ್ರದ ಮ್ಯಾಲ ಮೋಡ ಕೂಡ್ಯಾವ ನೋಡು," ಎನ್ನುತ್ತಿದ್ದಳು. "ಇನ್ನ ಎರಡು ದಿನಕ್ಕ ಗದಗಿನ್ಯಾಗ ಮಳಿ. ಅವರು ಅರಿವಿ ಒಳಗ ತಗೊಂಡ್ರೋ ಇಲ್ಲೋ."

"ಇಲ್ಲಿಂದ ಒದರಿ ಹೇಳು ಆಯಿ," ಎನ್ನುತ್ತಿದ್ದಳು ನೀಲಗಂಗಾ. ಮನೆಯಲ್ಲಿ ಅವಳಿಗೆ ಮಾತು ಬರುತ್ತಿತ್ತು.

"ಒದರತಿದ್ದೆ. ಗಾಜು ದಪ್ಪ ಐತಿ."

ಒಂದು ಸೋಮವಾರ ಬಾಗಿಲ ಸಂದಿಯಿಂದ ಒಂದು ಹುಕುಂ ಒಳಗೆ ಬಂತು. ಚಾವಡಿಯ ಮುದ್ರೆ ಒತ್ತಿದ ಅಚ್ಚಿನ ಕಾಗದ. ಒಂದನೆಯ ಕೋಣೆಯನ್ನು ಶಾಲೆಯ ಮಕ್ಕಳು ಭೂಮಿ ನೋಡಿ ಕಲಿಯಲು ತೆಗೆದುಕೊಳ್ಳಲಾಗಿದೆ, ಫಕ್ಕೀರವ್ವನವರಿಗೆ ಕೆಳಗಿನ ಸಾಲಿನಲ್ಲಿ ಇದಕ್ಕಿಂತ ದೊಡ್ಡ ಕೋಣೆ ಕೊಡಲಾಗಿದೆ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಸಾಮಾನು ಒಯ್ಯಲು ಬಂಡಿ ಬರುತ್ತದೆ.

ಫಕ್ಕೀರವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ಕಿಟಕಿಯ ಕಡೆ ತಿರುಗಿ ಕೂತಳು. "ದೊಡ್ಡ ಕೋಣಿ ಅಂತ. ನೀರಿನ ನಳಾನೂ ಸಮೀಪ ಆಗತೈತಿ" ಎಂದಳು. ಆಮೇಲೆ, "ರೇವಣಸಿದ್ಧ ಕೆಟ್ಟಾಂವ ಅಲ್ಲ. ಸಣ್ಣಾವಿದ್ದಾಗ ಇಲ್ಲೇ ಕುಂತು ನನ್ನ ಕೈಯಾಗ ರೊಟ್ಟಿ ತಿಂದಾನ. ಒಂದ ಮಾತು ಬಂದು ಕೇಳಿದ್ರ ಏನಾಗತಿತ್ತು?" ಎಂದಳು. ಆ ದಿನ ಮೋಡದ ಸುದ್ದಿ ಹೇಳಲಿಲ್ಲ. ಕಿಟಕಿ ಹೋದರೆ ಆಯಿ ಹೆಚ್ಚು ದಿನ ಆಯಿಯಾಗಿ ಇರುವುದಿಲ್ಲ ಎಂದು ನೀಲಗಂಗಾಳಿಗೆ ಗೊತ್ತಿತ್ತು.

ಓಣಿಯವರೂ ಮರುಗಿದರು. ಸಾವಂತ್ರವ್ವ ಬಂದು ಕೂತು ಕಣ್ಣೊರೆಸಿಕೊಂಡಳು. "ಮೊದಲಿನಂಗ ಇದ್ದಿದ್ರ ನಾ ಕಾಲ ಒತ್ತತಿದ್ದಿಲ್ಲ ಬೇ, ಆ ಹುಕುಂ ಅಚ್ಚ ಆಗತಿದ್ದಿಲ್ಲ. ಈಗ ಏನ್ಮಾಡೂದು? ಮುಯ್ಯಿ ಕೊಟ್ಟಾಗೇತಿ. ಕೊಟ್ಟ ಮುಯ್ಯಿ ಹೊಳ್ಳಿ ಕೇಳಿದ್ರ ಮಂದಿ ನಗೂದಿಲ್ಲೇನು?"

ಎಲ್ಲರೂ ಅದನ್ನೇ ಹೇಳಿದರು. ಕೊಟ್ಟಾಗಿದೆ.

ಗುರುವಾರ ನೀಲಗಂಗಾ ಚಾವಡಿಯ ಯಂತ್ರದ ಕೋಣೆಗೆ ಹೋದಳು. ದಾವಲಸಾಬ ಕಣಜದ ಮೈ ಒರೆಸುತ್ತಿದ್ದ, ಎಮ್ಮೆಯ ಮೈ ತಿಕ್ಕಿದ ಹಾಗೆ. ನೀಲಿ ಗೆರೆ ಇನ್ನೂ ಮೂರರಲ್ಲಿ ಎರಡು ಪಾಲಿನಷ್ಟು ಮೇಲಿತ್ತು. ಅವಳು ಬಾಗಿಲಲ್ಲಿ ನಿಂತೇ ಇದ್ದಳು.

"ಬಾ ತಂಗಿ, ಚಾ ಕುಡಿ," ಎಂದ ಅವನು. "ನೋಡು, ಎರಡು ತಿಂಗಳಾತು, ಎಷ್ಟು ಇಳದೈತಿ ಹೇಳು? ನಾಕ ಬೆರಳು."

"ಕಾಕಾ, ಒಂದ ಕೇಳಲೇನು?"

"ನೀ ಕೇಳತಿ ಅಂದ್ರ ಕೆಲಸ ಬಿಟ್ಟು ಹೇಳಬೇಕು. ವರ್ಷಕ್ಕೊಮ್ಮೆ ಬಾಯಿ ಬಿಡೂದು ನೀನು."

"ಇದರೊಳಗಿನ ಬಲ ಯಾರದು?"

"ಎಲ್ಲಾರದು. ಎಲ್ಲಾರೂ ತುಳದಾರಲ್ಲ."

"ಬ್ಯಾರೆ ಬ್ಯಾರೆ ಇರತೈತೇನು?"

"ಹೆಂಗ ಇರತೈತಿ? ಹಾಲಿನ ಕೊಡಕ್ಕ ನೂರು ಮನಿ ಹಾಲು ಹಾಕಿದ್ರ ನಿಂದ್ಯಾವುದು ನಂದ್ಯಾವುದು? ಕೂಡಿಬಿಟ್ಟೈತಿ."

ನೀಲಗಂಗಾಳಿಗೆ ಆ ಮೂರು ತಿಂಗಳು ಕುಣಿಯಲ್ಲಿ ಕೇಳಿದ ಹೆಜ್ಜೆಗಳು ನೆನಪಾದವು. ಅವುಗಳಲ್ಲಿ ಒಂದು, ಎಡಗಾಲು ಗಟ್ಟಿ, ಬಲಗಾಲು ತಡೆದು ತಡೆದು ಬೀಳುವ ಹೆಜ್ಜೆ. ತನ್ನ ಪಾಲು ಇಷ್ಟು ವರ್ಷ ಬೇರೆಯವರು ತುಳಿದರಲ್ಲ ಎಂದು ಹಟ ಹಿಡಿದು, ಮೂರು ತಿಂಗಳು ವಾರ ತಪ್ಪದೆ ಬಂದ ಹೆಜ್ಜೆ. ಇನ್ನೂ ಒಂದಿಬ್ಬರ ಹೆಜ್ಜೆ ನೆನಪಾಯಿತು. ಅವರು ಈಗ ಬದುಕಿರಲಿಲ್ಲ.

"ಹಂಗಾದ್ರ ಕಾಕಾ," ಎಂದಳು ನಿಧಾನವಾಗಿ, "ನಾಳೆ ನಾಕಕ್ಕ ಬಂಡಿ ಬರತೈತಲ್ಲ, ಅದನ್ನ ತಳ್ಳೂದು ನಮ್ಮ ಆಯಿ ಕಾಲಽ. ಆಯಿನ್ನ ಆಕಿ ಕಾಲಽ ಹೊರಗ ಹಾಕಾಕತ್ತಾವು. ಸತ್ತವರೂ ಹಿಂದಿಂದ ತಳ್ಳಾಕತ್ತಾರ."

ದಾವಲಸಾಬ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಕಣಜವನ್ನು ಈವರೆಗೆ ನೋಡಿರದವನಂತೆ ನೋಡಿದ. "ನಾ ಮಂದಿಗೆ ಮೊಣಕಾಲು ನೋಯಬಾರದು ಅಂತ ಮಾಡಿದೆ ತಂಗಿ," ಎಂದ. "ಗೊತ್ತೈತಿ ಕಾಕಾ," ಎಂದಳು ಅವಳು. ಚಾ ಆರಿತು.

"ವರ್ಷಕ್ಕೊಮ್ಮೆ ಗಾಲಿ ತಿರುವಿ ನೋಡೂದು ನನ್ನ ಕೆಲಸ," ಎಂದಳು ನೀಲಗಂಗಾ. "ಯಾವ ದಿನ ಅಂತ ಯಾರೂ ಬರದಿಟ್ಟಿಲ್ಲ. ತುಳಿಯೂವರು ಇಲ್ಲ. ಡೈನಮೊಕ್ಕ ಹಿಂದಿಂದ ಕರೆಂಟ್ ಕೊಟ್ರ ತಿರಗತೈತಲ್ಲ?"

ದಾವಲಸಾಬನ ಹುಬ್ಬು ಮೇಲೇರಿತು. ತುಳಿದರೆ ಕರೆಂಟು ಕೊಡುವ ಯಂತ್ರಕ್ಕೆ ಕರೆಂಟು ಕೊಟ್ಟರೆ ಅದೇ ತಿರುಗಿ ತುಳಿಸುತ್ತದೆ. ಅವನ ಕೈಕೆಳಗಿನ ಯಾರಿಗೂ ಇದು ಹೊಳೆದಿರಲಿಲ್ಲ. "ತಿರಗತೈತಿ," ಎಂದ. "ಆದ್ರ ನಾ ಚಾವಡಿ ಆಳು. ಹೂಂ ಅನ್ನಾಕ ನನಗ ಬಾಯಿ ಇಲ್ಲ. ಗಾಲಿ ಕಾಯೂರಿಗೆ ಬ್ಯಾಡ ಅನ್ನಾಕ ಒಡಂಬಡಿಕಿ ಬಿಡೂದಿಲ್ಲ." ಗೋಡೆಯ ಮೊಳೆಯಿಂದ ದಪ್ಪನೆಯ ತಂತಿಯ ಸುರುಳಿ ತೆಗೆದು ಅವಳ ಮುಂದಿಟ್ಟು, ಮುಖ ತಿರುಗಿಸಿ ಮತ್ತೆ ಕಣಜ ಒರೆಸತೊಡಗಿದ. ಆಮೇಲೆ ಗೋಡೆಗೆ ಹೇಳುವವನಂತೆ, "ಖಾಲಿ ಗಾಲಿ ತಿರಗಿದ್ರ ಕರೆಂಟ್ ಹೆಚ್ಚು ತಿನ್ನೂದಿಲ್ಲ. ಭಾರ ಬಿದ್ರ ತಿಂತೈತಿ. ಹಿಡದು ನಿಲ್ಲಿಸಾಕ ಹೋದ್ರ ಅಂತೂ ಬಕಾಸುರನಂಗ ತಿಂತೈತಿ" ಎಂದ.

ಶುಕ್ರವಾರ ಬೆಳಗ್ಗೆ ನೀಲಗಂಗಾ ಕಣಜದಿಂದ ಡೈನಮೊಗೆ ತಂತಿ ಜೋಡಿಸಿ ಗುಂಡಿ ಒತ್ತಿದಳು. ಅರವತ್ತು ಕಾಲುಹಲಗೆ ಒಮ್ಮೆ ನಡುಗಿದವು, ಆಮೇಲೆ ಏರುವುದು ಇಳಿಯುವುದು ಶುರುವಾಯಿತು. ಹಲಗೆಯ ಮೇಲೆ ಒಂದು ಕಾಲೂ ಇಲ್ಲ. ಕಾಣದ ಜನರೆಲ್ಲ ಬಂದು ತುಳಿಯುತ್ತಿದ್ದಂತೆ ಟಪಟಪ ಟಪಟಪ ಸದ್ದು. ದಾವಲಸಾಬ ಕಣಜದ ಗೆರೆ ನೋಡಿಬಂದು, ಬಾಗಿಲಿಂದಲೇ ಇಲ್ಲ ಎಂದು ಬೆರಳು ಆಡಿಸಿ ಹೋದ. ಒಂದು ತಾಸಿಗೆ ಒಂದು ನೂಲಿನಷ್ಟೂ ಇಳಿದಿರಲಿಲ್ಲ. ಅವನು ಹೇಳಿದ್ದು ಸರಿ. ಖಾಲಿ ಗಾಲಿಗೆ ಹಸಿವಿಲ್ಲ. ನಾಲ್ಕಕ್ಕೆ ಬಂಡಿ, ಅಷ್ಟರೊಳಗೆ ಕಣಜ ಬರಿದಾಗಬೇಕು.

ಭಾರ ಬೇಕು. ಭಾರವೆಂದರೆ ಜನ. ಜನರನ್ನು ಕರೆಯಬೇಕು. ಕರೆಯುವುದೆಂದರೆ ಬಾಯಿ ಬಿಡಬೇಕು.

ಅವಳು ಕುಣಿಯ ಮೆಟ್ಟಿಲಲ್ಲಿ ಕೂತು ಎಣ್ಣೆಡಬ್ಬಿಯನ್ನು ತಿರುಗಿಸಿದಳು, ಮುಚ್ಚಳ ತೆಗೆದಳು, ಹಾಕಿದಳು. ಎದ್ದು ಹೋಗಿ ತುಳಿಮನೆಯ ಎರಡೂ ಬಾಗಿಲು ಅಗಲ ತೆರೆದಳು. ಅಷ್ಟೇ ಅವಳಿಂದಾದದ್ದು. ಓಡಿ ಬಂದು ಮತ್ತೆ ಕುಣಿಯೊಳಗೆ ಇಳಿದಳು.

ಎರಡು ತಿಂಗಳು ಕೇಳದ ಸದ್ದು ಗವಿಯ ಉದ್ದಕ್ಕೂ ಹರಿಯಿತು. ಮಗ್ಗದ ಮುಂದೆ ಕೂತವರು ಲಾಳಿ ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳಿದರು. ಸಾವಂತ್ರವ್ವ ಬಾಣಲೆಯ ಕೆಳಗಿನ ಉರಿ ಆರಿಸಿ, ಹಿಟ್ಟಿನ ಕೈಯಲ್ಲೇ ಬಂದಳು. ಅವಳ ಹಿಂದೆ ಇಪ್ಪತ್ತು ಜನ, ಅವರ ಹಿಂದೆ ಇನ್ನೂ. ಬಾಗಿಲಲ್ಲಿ ಎಲ್ಲರೂ ನಿಂತುಬಿಟ್ಟರು.

"ಅಯ್ಯ ನಮ್ಮವ್ವ! ಯಾರೂ ಇಲ್ಲಲ್ಲೋ! ಯಾರ ತುಳ್ಯಾಕತ್ತಾರ ಇವನ್ನ?"

ಕುಣಿಯೊಳಗೆ ನೀಲಗಂಗಾಳ ಉತ್ತರ ಹೊಟ್ಟೆಯಿಂದ ಎದ್ದಿತು. ಗಂಟಲಿಗೆ ಬಂತು. ಮೊದಲಿನಂತೆ ಅಲ್ಲೇ ನಿಂತಿತು. ಅವಳು ಕಣ್ಣು ಮುಚ್ಚಿದಳು. ತಡೆದು ತಡೆದು ಬೀಳುತ್ತಿದ್ದ ಆ ಬಲಗಾಲಿನ ಹೆಜ್ಜೆ ನೆನಸಿಕೊಂಡಳು. ಮೆಟ್ಟಿಲು ಹತ್ತಿ ಮೇಲೆ ಬಂದಳು. ಕೆನ್ನೆಗೆಲ್ಲ ಎಣ್ಣೆ.

"ನೀವಽ ರೀ," ಎಂದಳು.

ಅವಳ ದನಿ ಹೀಗಿರುತ್ತದೆಂದು ಅರ್ಧ ಊರಿಗೆ ಗೊತ್ತಿರಲಿಲ್ಲ.

"ನೀವು ಆವಾಗ ತುಳದದ್ದು. ಕಣಜದಾಗ ಇತ್ತು. ನೀವು ಮನ್ಯಾಗ ಕುಂತೀರಿ, ನಿಮ್ಮ ಕಾಲು ಇನ್ನೂ ತುಳ್ಯಾಕತ್ತಾವು. ಮುಯ್ಯಿ ಅಂತೀರಿ. ಮುಯ್ಯಿ ಅಂದ್ರ ಯಾರ ಹೊಲಕ್ಕ ಹೊಂಟೀನಿ ಅಂತ ತಿಳದು ಹೋಗೂದು. ಇದು ಎಲ್ಲಿಗೆ ಹೊಂಟೈತಿ ಅಂತ ಯಾರಿಗೆ ಗೊತ್ತು?" ಉಸಿರು ತೆಗೆದುಕೊಂಡಳು. "ಯಾರು ತುಳದ್ರು ಅಂತ ನಾ ಹೇಳಬಾರದು. ಹೇಳೂದಿಲ್ಲ. ನಮ್ಮ ಆಯಿ ಮಾತ್ರ, ನಂದು ಹೇಳು ಅಂತ ನಿನ್ನೆ ಅಂದಾಳ. ಆಕಿನೂ ತುಳದಾಳ. ಅದಽ ಬಲದ್ಲೆ ಆಕಿನ್ನ ಕಿಟಕಿ ಬಿಡಸಾಕ ನಾಕಕ್ಕ ಬಂಡಿ ಬರತೈತಿ. ಕೊಟ್ಟದ್ದು ಹೊಳ್ಳಿ ಬೇಕು ಅನ್ನೂವರು ಹಲಗಿ ಮ್ಯಾಲೆ ಕಾಲ ಇಟ್ಟು ಭಾರ ಹಾಕ್ರಿ, ಕಣಜ ಬರಿದಾಗತೈತಿ. ಬ್ಯಾಡ ಅನ್ನೂವರು ಸುಮ್ಮ ಕಾಲ ಆಡಿಸ್ರಿ. ಯಾರ್ಯಾರಂತ ನಾ ಯಾರ ಮುಂದೂ ಹೇಳೂದಿಲ್ಲ."

ಇಷ್ಟು ಹೇಳಿ, ಸಭೆ ಮುಗಿಸಿದ ಮುಖಂಡೆಯಂತೆ ಅಲ್ಲ, ಬೆಕ್ಕು ಕಂಡ ಇಲಿಯಂತೆ ಕುಣಿಯೊಳಗೆ ಇಳಿದುಬಿಟ್ಟಳು.

ಮೇಲಿಂದ ಸಾವಂತ್ರವ್ವನ ದನಿ: "ಸರೀರಿ ಅತ್ಲಾಗ. ನನ್ನ ಕಾಲು ನನಗ ಬೇಕು." ಪಟ್ಟಿ ಬಿಗಿದ ಸದ್ದು. ಹಲಗೆಯ ಮೇಲೆ ಎರಡು ದಪ್ಪ ಹಿಮ್ಮಡಿ ಬಂದು ಕೂತವು. ಮರುಕ್ಷಣ ಹಲಗೆ ಆ ಕಾಲುಗಳನ್ನು ಎತ್ತಿತು.

"ಅವ್ವಯ್ಯಾ! ಎತ್ತಾಕತ್ತೈತಿ!" ಎಂದು ಸಾವಂತ್ರವ್ವ ಕಿರುಚಿ ನಕ್ಕಳು.

ಆಮೇಲೆ ತಡೆ ಇರಲಿಲ್ಲ. ಅರವತ್ತು ಹಲಗೆಗೂ ಜನ ತುಂಬಿದರು, ಹಿಂದೆ ಸಾಲು ನಿಂತರು. ಯಾರ ಕಾಲಿಗೂ ಕೆಲಸವಿಲ್ಲ, ಎಲ್ಲರ ಕಾಲೂ ಕುಣಿಯುತ್ತಿವೆ. ಇಷ್ಟು ವರ್ಷ ಸರಕಾರವನ್ನು ತುಳಿದು ನಡೆಸಿದವರಿಗೆ ಸರಕಾರವೇ ಕಾಲು ಒತ್ತುತ್ತಿತ್ತು. ಮೊಣಕಾಲು ಹಿಡಿದ ಮುದುಕರನ್ನು ತಂದು ಕೂರಿಸಿದರು. ಹಲಗೆ ಹಗುರಕ್ಕೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಕೀಲು ಸಡಿಲವಾಗಿ, ಅವರು ಕಣ್ಣು ಮುಚ್ಚಿ "ಹಾ... ಹಾ" ಎಂದರು. ಒಬ್ಬ ಮುದುಕ, ಡಾಕ್ಟರಿಗಿಂತ ಇದು ಪಾಡು, ಬಲು ಚಲೋ, ಒಂದು ತಾಸು ನಾನು ಏಳುವುದಿಲ್ಲ ಎಂದು ಪಟ್ಟಿಯ ಕೊಂಡಿ ಮುಚ್ಚಿ ಹಿಡಿದ. ಪೈಲ್ವಾನ ಗತ್ತಿನ ಹುಡುಗರು ಹಲಗೆಯನ್ನು ಹಿಡಿದು ನಿಲ್ಲಿಸುವ ಪಂತ ಕಟ್ಟಿದರು. ದಾವಲಸಾಬ ಬಾಗಿಲಲ್ಲಿ ಕೈಕಟ್ಟಿ ನಿಂತು, ಯಾರಿಗೆಂದಿಲ್ಲದೆ, "ನಿಲ್ಲಸ್ರಿ, ಗಟ್ಟಿ ಹಿಡೀರಿ, ಶಾಬಾಸ್!" ಎನ್ನುತ್ತಿದ್ದ. ನಿಲ್ಲಿಸಿದಷ್ಟೂ ಗಾಲಿಗಳು ಕರೆಂಟನ್ನು ಗಟಗಟ ಕುಡಿದವು. ಯಂತ್ರದ ಕೋಣೆಯಲ್ಲಿ ನೀಲಿ ಗೆರೆ ಇಳಿಯಿತು, ಅರ್ಧಕ್ಕೆ, ಕಾಲುಭಾಗಕ್ಕೆ.

ಕೆಳಗೆ ನೀಲಗಂಗಾ ಕೇಳುತ್ತ ಕೂತಿದ್ದಳು. ಸುಮ್ಮನೆ ಕಾಲು ಆಡಿಸುತ್ತಿದ್ದವರೂ ಕೆಲವರಿದ್ದರು. ಮಕ್ಕಳಿಗೆ ಕಿಟಕಿ ಬೇಕು ಎಂದು ನಿಜವಾಗಿಯೂ ಅನಿಸಿದವರು. ಆ ಕಾಲುಗಳನ್ನೂ ಅವಳು ಗುರುತಿಸಿದಳು. ಗುರುತಿಸಿ ಮರೆತಳು.

ನಾಲ್ಕು ಹೊಡೆಯಿತು. ಒಂದನೆಯ ಕೋಣೆಯ ಮುಂದೆ ಚಾವಡಿಯ ಬಂಡಿ ಬಂದು ನಿಂತಿತು. ಅದರ ಇಬ್ಬರು ಆಳುಗಳು ಹುಕುಂ ಓದಿದರು. ಫಕ್ಕೀರವ್ವ ಜಗಳವಾಡಲಿಲ್ಲ. "ನನ್ನ ಹೊರಸು ಮೊದಲು ಇಡ್ರಿ, ಅದರ ಮ್ಯಾಲೆ ನನ್ನ ಕುಂದರಸ್ರಿ," ಎಂದಳು. "ಹೋಗೂದಾದ್ರ ಮಂದಿ ನೋಡೂವಂಗ ಹೋಗತೀನಿ." ಹಾಗೆ ಬಂಡಿ ಹೊರಟಿತು, ಹೊರಸಿನ ಮೇಲೆ ದಿಂಬಿಗೊರಗಿ ಫಕ್ಕೀರವ್ವ, ಕೈಯಲ್ಲಿ ರೊಟ್ಟಿಬುಟ್ಟಿ. ಹತ್ತು ಮಾರು ಹೋಯಿತು. ಇಪ್ಪತ್ತು ಮಾರು ಹೋಯಿತು. ಮುದಿ ಎತ್ತಿನಂತೆ ನಿಧಾನವಾಯಿತು. ತುಳಿಮನೆಯ ಬಾಗಿಲ ಮುಂದೆ ಬಂದು ಒಮ್ಮೆ ನಿಟ್ಟುಸಿರು ಬಿಟ್ಟು ನಿಂತೇ ಹೋಯಿತು.

ಒಳಗೆ ಅದೇ ಹೊತ್ತಿಗೆ ಹಲಗೆಗಳು ಎತ್ತಿದ ಕಾಲುಗಳನ್ನು ಮೆಲ್ಲನೆ ಇಳಿಸಿ ಸುಮ್ಮನಾದವು. ಎಲ್ಲರೂ ಹೊರಗೆ ನೋಡಿದರು. ಬಾಗಿಲ ಮುಂದೆ ಫಕ್ಕೀರವ್ವ, ಮೆರವಣಿಗೆ ಮರೆತುಹೋದ ರಾಣಿಯಂತೆ.

"ಯಾಕ ನಿಂತೈತಿ? ಏನಾಗೇತಿ ಈ ಬಂಡಿಗೆ?" ಎಂದಳು.

"ಬಂಡಿಗೇನೂ ಆಗಿಲ್ಲ ಆಯಿ," ಎಂದಳು ಸಾವಂತ್ರವ್ವ. "ನಮ್ಮ ಕಾಲು ನಮಗ ಬಂದ್ವು."

ನಗು ಗವಿಯ ತುಂಬ ಹರಡಿತು. ಅಷ್ಟರಲ್ಲಿ ಕತ್ತಲಾದ ಚಾವಡಿಯಿಂದ ಗೋಡೆ ಹಿಡಿದುಕೊಂಡು ಯಜಮಾನ ರೇವಣಸಿದ್ಧಪ್ಪ ಹೊರಗೆ ಬಂದರು. ಜನ ದಾರಿ ಬಿಟ್ಟರು. ಅವರು ಖಾಲಿಯಾದ ನಳಿಗೆಯ ಸುದ್ದಿ ಕೇಳಿದರು, ತಂತಿ ನೋಡಿದರು, ಕುಣಿಯಿಂದ ತಲೆ ಹೊರಗೆ ಹಾಕಿದ್ದ ನೀಲಗಂಗಾಳನ್ನು ನೋಡಿದರು.

"ಗಾಲಿ ಪರೀಕ್ಷಾ ಮಾಡಿದ್ರಿ," ಎಂದಳು ಅವಳು.

"ಹೆಂಗ ಅದಾವು?"

"ಪಾಡ ಅದಾವ್ರಿ."

ಯಜಮಾನರು ತುಟಿ ಕಚ್ಚಿಕೊಂಡರು. ನಗು ತಡೆಯಲೋ ಸಿಟ್ಟು ತಡೆಯಲೋ ತಿಳಿಯಲಿಲ್ಲ. ಬಂಡಿಯ ಅಂಚಿನಲ್ಲಿ, ಫಕ್ಕೀರವ್ವನ ಕಾಲಬಳಿ ಕೂತರು. "ಮೊದಲ ಸೋಮವಾರ ಬರಬೇಕಂತಿದ್ದೆ," ಎಂದರು ಮೆಲ್ಲಗೆ. "ಮಂದಿ ಇರಲಿಲ್ಲ. ಎರಡನೇ ಸೋಮವಾರ ಮರತೆ. ಮೂರನೇ ಸೋಮವಾರ ಮರತದ್ದೂ ಮರತೆ." ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ, "ಆಯಿ, ನಿಮ್ಮ ಕೋಣಿ ಸಾಲಿ ಹುಡುಗರಿಗೆ ಕೊಡತೀರೇನ್ರಿ? ಹುಡುಗರು ಭೂಮಿ ನೋಡಬೇಕಂತಾರ" ಎಂದರು.

ಎಲ್ಲರೂ ಫಕ್ಕೀರವ್ವನ ಬಾಯಿ ನೋಡಿದರು. ಮುದುಕಿ ಕರಗಿ ಹೂಂ ಅನ್ನುತ್ತಾಳೆ ಎಂದು ಅರ್ಧ ಜನ ಆಗಲೇ ಕಣ್ಣೊರೆಸಲು ಸೆರಗು ಹಿಡಿದಿದ್ದರು.

"ಇಲ್ಲ," ಎಂದಳು ಫಕ್ಕೀರವ್ವ.

"ಯಾಕ್ರಿ?"

"ಯಾಕ ಅಂತ ಹೇಳಬೇಕಂತ ಒಡಂಬಡಿಕಿಯೊಳಗ ಎಲ್ಲಿ ಐತಿ?"

ಯಜಮಾನರು ನಕ್ಕರು. ಆಮೇಲೆ ತಾವೇ ಹೊರಸಿನ ಒಂದು ಕಾಲು ಹಿಡಿದರು. ದಾವಲಸಾಬ ಇನ್ನೊಂದು ಹಿಡಿದ. ಚಂದ್ರನ ಮೇಲೆ ಮುದುಕಿಯೂ ಹಗುರ, ಹೊರಸೂ ಹಗುರ. ನಾಲ್ಕು ಜನ ಸಾಕಿತ್ತು, ನಲವತ್ತು ಜನ ಹೊತ್ತರು. ಕೋಣೆಗೆ ಬಂದು ಕಿಟಕಿಯ ಎದುರಿಗೆ ಇಟ್ಟರು.

ಸಂಜೆ ನೀಲಗಂಗಾ ರೊಟ್ಟಿಯ ಹಿಟ್ಟು ಕಲಸುತ್ತಿದ್ದಾಗ ಆಯಿ ಭೂಮಿ ನೋಡುತ್ತ, "ಎಂಬತ್ತು ವರ್ಷದಾಗ ಒಮ್ಮೆನೂ ಯಾರಿಗೂ ಇಲ್ಲ ಅಂದಿದ್ದಿಲ್ಲ ಕೂಸ. ಯಾರೂ ಕೇಳೂವಂಗ ಕೇಳಿದ್ದೂ ಇಲ್ಲ. ಅಂದು ನೋಡೂಣು ಅನಿಸ್ತು. ಬಾಯಾಗ ಬೆಲ್ಲ ಇಟ್ಟಂಗಾತು" ಎಂದಳು. ಮತ್ತೆ, "ಸಾಲಿಗೆ ಹೇಳಿ ಕಳಸು. ಬುಧವಾರ ಬುಧವಾರ ಹುಡುಗರನ್ನ ಕಳಸ್ಲಿ. ಕಾಲ ತೊಳಕೊಂಡು ಬರಬೇಕು, ಗಾಜಿಗೆ ಕೈ ಹಚ್ಚಬಾರದು. ಮೋಡ ನೋಡಿ ಮಳಿ ಹೇಳೂದು ನಾ ಕಲಸ್ತೀನಿ. ಅದು ಆ ಮಾಸ್ತರಗ ಬರೂದಿಲ್ಲ" ಎಂದಳು.

ಕಣಜವನ್ನು ದೈವ ಕೂಡಿ ದವಾಖಾನೆಗೆ ಕೊಟ್ಟಿತು. ದಾವಲಸಾಬ ಅದಕ್ಕೆ ನಾಲ್ಕು ಕಾಲುಹಲಗೆ ಜೋಡಿಸಿದ, ಮೊಣಕಾಲು ನೋವಿನವರಿಗೆ. ಅಲ್ಲಿ ಈಗಲೂ ಸಾಲು ಇರುತ್ತದೆ.

ಆ ಶುಕ್ರವಾರ ಕಳೆದು ಬಂದ ಸೋಮವಾರ ಯಜಮಾನರು ತುಳಿಮನೆಗೆ ಬಂದರು. ಅಂಗಿಯ ಗುಂಡಿ ಹೆಚ್ಚುಕಡಿಮೆ ಹಾಕಿಕೊಂಡು, ಹೊಸದಾಗಿ ಆರಿಸಿ ಬಂದವರಂತೆ ನಡುವೆ ನಿಂತರು. ಈ ವಾರ ನೀರಿನ ತೊಟ್ಟಿ ತೊಳೆಸಬೇಕೆಂದಿದ್ದೇನೆ, ಕೆಳಗಿನ ಸಾಲಿಗೆ ಎರಡು ದೀಪ ಹಾಕಿಸಬೇಕೆಂದಿದ್ದೇನೆ, ನಿಮಗೆ ಸರಿಬಂದರೆ, ಎಂದರು. "ಸರಿ ಬರದಿದ್ರ ನಿಮಗಽ ಗೊತ್ತಾಗತೈತಿ ಬಿಡ್ರಿ," ಎಂದಳು ಸಾವಂತ್ರವ್ವ. ಪಟ್ಟಿಗಳು ಬಿಗಿದವು. ಗಾಲಿಗಳು ಮೊದಲು ತಡವರಿಸಿ, ಆಮೇಲೆ ಒಂದೇ ದನಿಯಾಗಿ ತಿರುಗಿದವು.

ಕುಣಿಯೊಳಗೆ ನೀಲಗಂಗಾ ಎಣ್ಣೆಡಬ್ಬಿ ಹಿಡಿದು ಕೂತಿದ್ದಳು. ಅರವತ್ತು ಹಲಗೆಗಳ ನಡುವೆ, ಆಚೆ ಮೂಲೆಯಲ್ಲಿ, ಒಂದು ಹೆಜ್ಜೆ ಕೇಳಿಸಿತು. ಎಡಗಾಲು ಗಟ್ಟಿ, ಬಲಗಾಲು ತಡೆದು ತಡೆದು. ಮೂರು ದಿನದ ಹಿಂದೆ ಯಜಮಾನರ ಮುಖಕ್ಕೆ ಇಲ್ಲ ಎಂದು ಹೇಳಿದ್ದ ಕಾಲು. ಈಗ ಅವರ ತೊಟ್ಟಿಗೆ, ಅವರ ಎರಡು ದೀಪಕ್ಕೆ, ಮನಸಾರೆ ಒತ್ತಿ ತುಳಿಯುತ್ತಿತ್ತು.

ಅದು ಯಾರ ಕಾಲೆಂದು ನೀಲಗಂಗಾ ಯಾರಿಗೂ ಹೇಳಲಿಲ್ಲ. ಆ ಹಲಗೆಯ ಕೀಲಿಗೆ ಎರಡು ಹನಿ ಎಣ್ಣೆ ಹೆಚ್ಚಿಗೆ ಹಾಕಿದಳು.